ಹದಿನೇಳು ರೂಪಾಯಿಯ ಪ್ರಶ್ನೆ

ಸಂಬಳ ದುಪ್ಪಟ್ಟಾಗುವ ಕೆಲಸ ಸಿಕ್ಕರೆ ಯಾರೂ ಯೋಚನೆ ಮಾಡುತ್ತ ಕೂರುವುದಿಲ್ಲ. ಸಂಬಳ ಅರ್ಧಕ್ಕಿಳಿಯುವ ಕೆಲಸವನ್ನು ಯಾರೂ ಮನೆ ಬಾಗಿಲಿಗೆ ತರುವುದಿಲ್ಲ. ತಂದರೂ ಕಾಫಿ ಕೊಟ್ಟು ಕಳುಹಿಸಿಬಿಡಬಹುದು. ಮನುಷ್ಯನ ನಿದ್ದೆ ಕೆಡಿಸುವುದು ಇವೆರಡರ ನಡುವಿನದು. ಸಂಬಳ ಹೆಚ್ಚು ಕಡಿಮೆ ಅಷ್ಟೇ, ಆದರೆ ಕೆಲಸ ಬೇರೆ, ಊರು ಬೇರೆ, ಮೇಲಧಿಕಾರಿ ಬೇರೆ. ತಕ್ಕಡಿಯ ತಟ್ಟೆಗಳೆರಡೂ ಸಮನಾಗಿ ನಿಂತಾಗಲೇ ಅಂಗಡಿಯವನು ಕಣ್ಣು ಕಿರಿದು ಮಾಡಿ ಮುಳ್ಳನ್ನು ನೋಡುತ್ತಾನಲ್ಲವೇ, ಹಾಗೆ.

ನಮ್ಮ ಸಂಘದ ಹಳೆಯ ಸದಸ್ಯರಲ್ಲಿ ಬಹುಮಂದಿ ಸರ್ಕಾರಿ ನೌಕರಿಯನ್ನು ನಂಬಿ ದೆಹಲಿಯ ರೈಲು ಹತ್ತಿದವರು. ಒಂದಲ್ಲ ಒಂದು ವರ್ಷ ಈ ಇಕ್ಕಟ್ಟಿಗೆ ಸಿಕ್ಕದವರು ಅವರಲ್ಲಿ ಕಡಿಮೆ. ನನ್ನ ಸರದಿ ಬಂದದ್ದು 1987ರಲ್ಲಿ. ಆಗ ನಾವು ಪೂರ್ವ ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿದ್ದೆವು.

ಕಿದ್ವಾಯಿ ನಗರಕ್ಕೆ ಆ ಹೆಸರು ಬಂದದ್ದು ರಫಿ ಅಹಮದ್ ಕಿದ್ವಾಯಿಯವರಿಂದ. ಅವರು ಸ್ವಾತಂತ್ರ್ಯ ಹೋರಾಟಗಾರರು. ನೆಹರೂ ಮಂತ್ರಿಮಂಡಲದಲ್ಲಿ ಮೊದಲು ಸಂಪರ್ಕ ಖಾತೆ, ಆಮೇಲೆ ಆಹಾರ ಖಾತೆ ನೋಡಿಕೊಂಡವರು. 1954ರಲ್ಲಿ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಅವರ ಹೆಸರಿನ ಬಡಾವಣೆಯಲ್ಲಿ ವಾಸಿಸುತ್ತಿದ್ದವರೆಲ್ಲ ನಮ್ಮಂಥ ಗುಮಾಸ್ತರು, ಅಸಿಸ್ಟೆಂಟರು, ಸ್ಟೆನೋಗಳು. ಒಂದು ಕಡೆ ಐ.ಎನ್.ಎ. ಮಾರುಕಟ್ಟೆ, ಇನ್ನೊಂದು ಕಡೆ ಸೌತ್ ಎಕ್ಸ್‌ಟೆನ್ಶನ್ನಿನ ಶ್ರೀಮಂತ ಅಂಗಡಿಗಳು, ರಸ್ತೆ ದಾಟಿದರೆ ಏಮ್ಸ್ ಮತ್ತು ಸಫ್ದರ್‌ಜಂಗ್ ಆಸ್ಪತ್ರೆಗಳು. ತೆಂಗಿನಕಾಯಿ, ಕರಿಬೇವು, ಬೂದುಗುಂಬಳ ಬೇಕಾದರೆ ಐ.ಎನ್.ಎ. ಮಾರುಕಟ್ಟೆಗೆ ಚೀಲ ಹಿಡಿದು ನಡೆದೇ ಹೋಗಬಹುದಿತ್ತು. ಸೌತ್ ಎಕ್ಸ್‌ಟೆನ್ಶನ್ನಿಗೂ ನಡೆದೇ ಹೋಗಬಹುದಿತ್ತು. ಚೀಲದ ಅಗತ್ಯ ಬೀಳುತ್ತಿರಲಿಲ್ಲ.

ಆ ಕ್ವಾರ್ಟರ್ಸು ಸುಮ್ಮನೆ ಸಿಕ್ಕಿದ್ದಲ್ಲ. ನಾನು ತಿಪಟೂರಿನಿಂದ ಬಂದು ಎಲ್.ಡಿ.ಸಿ. ಆಗಿ ಸೇರಿದ್ದು 1968ರಲ್ಲಿ. ಆಗಿನ್ನೂ ಸ್ಟಾಫ್ ಸೆಲೆಕ್ಷನ್ ಕಮಿಷನ್ ಹುಟ್ಟಿರಲಿಲ್ಲ. ಗುಮಾಸ್ತರ ಪರೀಕ್ಷೆಯನ್ನೂ ಯು.ಪಿ.ಎಸ್.ಸಿ.ಯೇ ನಡೆಸುತ್ತಿತ್ತು. ಆದ್ದರಿಂದ ನಮ್ಮೂರಿನಲ್ಲಿ ನಾನು ಐ.ಎ.ಎಸ್. ಪಾಸು ಮಾಡಿದ್ದೇನೆಂದು ಕೆಲವರು ಬಹುಕಾಲ ನಂಬಿದ್ದರು, ನಾನೂ ಅವರ ಸಂತೋಷಕ್ಕೆ ಅಡ್ಡಿ ಬರಲಿಲ್ಲ. ಕರೋಲ್ ಬಾಗಿನಲ್ಲಿ ನಾಲ್ವರು ಬ್ರಹ್ಮಚಾರಿಗಳು ಒಂದೇ ಕೋಣೆಯಲ್ಲಿ ಅನ್ನ ಬೇಯಿಸಿಕೊಂಡು ಇದ್ದೆವು. ಮದುವೆಯಾದ ಮೇಲೆ ಲಾಜಪತ ನಗರದ ಒಂದು ಬರ್ಸಾತಿ. ಬೇಸಿಗೆಯಲ್ಲಿ ಅದು ರೊಟ್ಟಿ ಬೇಯುವ ತಂದೂರು, ಚಳಿಗಾಲದಲ್ಲಿ ಐಸ್ ಪೆಟ್ಟಿಗೆ. ಎಸ್ಟೇಟ್ಸ್ ನಿರ್ದೇಶನಾಲಯದ ಸರದಿ ಪಟ್ಟಿಯಲ್ಲಿ ನಮ್ಮ ಹೆಸರು ಮೇಲೇರುವುದನ್ನು ಕಾಯುತ್ತ ಹನ್ನೊಂದು ವರ್ಷ ಕಳೆದು, 1979ರಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಒಂದು ತುಂಡು ಹುಲ್ಲು ಇರುವ ಮನೆ ಕೈಗೆ ಬಂತು. ಮೊದಲ ದಿನವೇ ನನ್ನ ಹೆಂಡತಿ ಆ ಹುಲ್ಲಿನ ಒಂದು ಮೂಲೆ ಅಗೆದು ದೊಡ್ಡಪತ್ರೆ ನೆಟ್ಟಳು. ಅವಳ ಮಟ್ಟಿಗೆ ಗೃಹಪ್ರವೇಶ ಅದೇ.

ಇನ್ನು ಕೆಲಸದ ವಿಷಯ. ಬೆಂಗಳೂರಿನ ಒಂದು ಸಾರ್ವಜನಿಕ ಉದ್ಯಮದಲ್ಲಿ (ಹೆಸರು ಇಲ್ಲಿ ಬೇಡ) ಆಡಳಿತ ವಿಭಾಗಕ್ಕೆ ಜನ ಬೇಕೆಂಬ ಜಾಹೀರಾತು ನೋಡಿ ನಾನು ನಿಯಮದಂತೆ ಕಚೇರಿಯ ಮೂಲಕವೇ ಅರ್ಜಿ ಹಾಕಿದ್ದೆ. ಸಂದರ್ಶನವಾಗಿ ಐದು ತಿಂಗಳು ಸುದ್ದಿಯಿರಲಿಲ್ಲ. ಮರೆತೇಹೋಗಿದ್ದಾಗ ನೇಮಕದ ಪತ್ರ ಬಂತು. ಒಪ್ಪಿಗೆ ತಿಳಿಸಲು ಮೂವತ್ತು ದಿನ. ನಾನೂ ಸೆಕ್ಷನ್ನಿನ ಗೆಳೆಯರೂ ಊಟದ ಬಿಡುವಿನಲ್ಲಿ ಕೂತು ಮೂಲ ವೇತನ, ತುಟ್ಟಿಭತ್ಯ, ನಗರ ಭತ್ಯ ಎಲ್ಲ ಕೂಡಿ, ಭವಿಷ್ಯನಿಧಿ ಕಳೆದು ನೋಡಿದೆವು. ಕೈಗೆ ಬರುವ ಸಂಬಳ ಈಗಿನದಕ್ಕಿಂತ ತಿಂಗಳಿಗೆ ಹದಿನೇಳು ರೂಪಾಯಿ ಹೆಚ್ಚು. ಪಕ್ಕದ ಮೇಜಿನ ಬಂಗಾಳಿ ಬಾಬು ಕನ್ನಡಕ ತೆಗೆದು ಒರೆಸಿಕೊಂಡು, ಇನ್ನೊಂದು ಸಲ ಕೂಡು ಎಂದರು. ಇನ್ನೊಂದು ಸಲ ಕೂಡಿದರೂ ಹದಿನೇಳೇ.

ಹದಿನೇಳು ರೂಪಾಯಿಗಾಗಿ ಯಾರೂ ಊರು ಬಿಡುವುದಿಲ್ಲ ಎಂದು ನೀವು ಹೇಳಬಹುದು. ನಿಜ. ಆದರೆ ನನ್ನ ತಾಯಿ ತಿಪಟೂರಿನಲ್ಲಿದ್ದರು. ತಂದೆ ತೀರಿಕೊಂಡು ಆರು ವರ್ಷವಾಗಿತ್ತು. ತಮ್ಮನ ಮನೆ ಎರಡು ಬೀದಿ ಆಚೆಗಿತ್ತು, ನಿಜ, ಆದರೂ ಹಿರಿಯ ಮಗ ನಾನು. ದೆಹಲಿಯಿಂದ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ಬೆಂಗಳೂರು ಮುಟ್ಟಿ, ಅಲ್ಲಿಂದ ಇನ್ನೊಂದು ಗಾಡಿ ಹಿಡಿಯಬೇಕು. ಬೆಂಗಳೂರಿನಲ್ಲಿದ್ದರೆ ಶನಿವಾರ ಮಧ್ಯಾಹ್ನ ಹೊರಟು ರಾತ್ರಿ ಊಟಕ್ಕೆ ಅಮ್ಮನ ಮುಂದೆ ಕೂರಬಹುದು. ಮಕ್ಕಳಿಬ್ಬರು ಲೋದಿ ಎಸ್ಟೇಟಿನ ದೆಹಲಿ ಕನ್ನಡ ಶಾಲೆಯಲ್ಲಿ ಓದುತ್ತಿದ್ದರು. ಕನ್ನಡ ಓದಲು ಬರೆಯಲು ಬರುತ್ತಿತ್ತು. ಆದರೆ ಜಗಳ ಮಾತ್ರ ಹಿಂದಿಯಲ್ಲಿ ಆಡುತ್ತಿದ್ದರು. ಮನುಷ್ಯ ಸಿಟ್ಟು ಬಂದಾಗ ಆಡುವುದೇ ಅವನ ತಾಯ್ನುಡಿ ಎಂದು ನಮ್ಮಾಕೆಯ ಸಿದ್ಧಾಂತ.

ಹೀಗೆ ಸಂಬಳವನ್ನು ಬದಿಗಿಟ್ಟು ಉಳಿದದ್ದನ್ನು ತೂಗಬೇಕಾಯಿತು. ಒಂದು ಭಾನುವಾರ ನಾವಿಬ್ಬರೂ ಕೂತು, ಹಾಲಿನ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಪುಟದಲ್ಲಿ ಗೆರೆ ಎಳೆದು ಎರಡು ಭಾಗ ಮಾಡಿದೆವು.

ಮನೆಯ ಪ್ರಶ್ನೆ ಮೊದಲು ಬಂತು. ಕಿದ್ವಾಯಿ ನಗರದಲ್ಲಿ ಲೈಸೆನ್ಸ್ ಫೀ ಎಂದು ಸಂಬಳದಿಂದ ಹಿಡಿಯುತ್ತಿದ್ದುದು ಅಲ್ಪ ಮೊತ್ತ. ಸೇವೆ ಬಿಟ್ಟರೆ ಕ್ವಾರ್ಟರ್ಸ್ ಬಿಡಬೇಕು. ಬೆಂಗಳೂರಿನಲ್ಲಿ ಆ ಸಂಸ್ಥೆ ಮನೆ ಕೊಡುತ್ತಿರಲಿಲ್ಲ, ಬಾಡಿಗೆ ಭತ್ಯ ಕೊಡುತ್ತಿತ್ತು. ಭತ್ಯದಲ್ಲಿ ಬಾಡಿಗೆ ಹೇಗೋ ಸರಿಹೋಗಬಹುದು. ಆದರೆ ಬೆಂಗಳೂರಿನ ಮನೆ ಮಾಲೀಕರು ಕೇಳುವ ಹತ್ತು ತಿಂಗಳ ಅಡ್ವಾನ್ಸನ್ನು ಯಾವ ಭತ್ಯವೂ ಕೊಡುವುದಿಲ್ಲ. ಅಂದರೆ ಹೆಸರಿಗೆ ಸಮನಾದ ಸಂಬಳ ನಿಜವಾಗಿ ಸಮನಲ್ಲ. ಸಂಬಳದ ಚೀಟಿಯಲ್ಲಿ ಕಾಣದೆ ಇರುವ ಸಂಬಳವೊಂದಿದೆ, ಅದರಲ್ಲಿ ನಾವು ಮಲಗುತ್ತೇವೆ ಎಂದು ಆವತ್ತು ಗೊತ್ತಾಯಿತು.

ಎರಡನೆಯದು ಔಷಧೋಪಚಾರ. ಕೇಂದ್ರ ಸರ್ಕಾರದ ಆರೋಗ್ಯ ಯೋಜನೆ, ಅಂದರೆ ಸಿ.ಜಿ.ಎಚ್.ಎಸ್., 1954ರಲ್ಲಿ ದೆಹಲಿಯಲ್ಲೇ ಶುರುವಾದದ್ದು. ಅದರ ಡಿಸ್ಪೆನ್ಸರಿಯ ಸಾಲನ್ನು ಬೈಯದ ನೌಕರನಿಲ್ಲ, ಆ ಸಾಲಿನಲ್ಲಿ ನಿಲ್ಲದ ನೌಕರನೂ ಇಲ್ಲ. ಹೊಸ ಸಂಸ್ಥೆಯಲ್ಲಿ ಬಿಲ್ಲು ಕೊಟ್ಟು ಹಣ ಪಡೆಯುವ ಪದ್ಧತಿ. ಇದನ್ನು ಸಮ ಎಂದು ಬರೆದುಕೊಂಡೆವು.

ಮೂರನೆಯದು ತುಟ್ಟಿಭತ್ಯ. ನಾಲ್ಕನೇ ವೇತನ ಆಯೋಗದ ಶಿಫಾರಸುಗಳು 1986ರಿಂದ ಜಾರಿಗೆ ಬಂದ ಮೇಲೆ ನಮಗೆ ವರ್ಷಕ್ಕೆ ಎರಡು ಸಲ ಭತ್ಯ ಏರುತ್ತಿತ್ತು. ಉದ್ಯಮಗಳಲ್ಲಿ ಮೂರು ತಿಂಗಳಿಗೊಮ್ಮೆ. ಇದು ಅವರ ಕಡೆಗೆ.

ನಾಲ್ಕನೆಯದು ಪಿಂಚಣಿ. ಆ ದಿನಗಳಲ್ಲಿ ಪೂರ್ತಿ ಪಿಂಚಣಿಗೆ 33 ವರ್ಷದ ಸೇವೆ ಬೇಕಿತ್ತು. ನನ್ನದು 19 ಆಗಿತ್ತು. ಉದ್ಯಮದಲ್ಲಿ ಕಾಯಂ ಆಗಿ ವಿಲೀನವಾದರೆ 1972ರ ಪಿಂಚಣಿ ನಿಯಮಗಳ 37ನೇ ನಿಯಮದಂತೆ ಅಷ್ಟು ವರ್ಷದ ಪಾಲಿನ ಪಿಂಚಣಿ ಸಿಗುತ್ತಿತ್ತು. ಮುಂದಿನದಕ್ಕೆ ಭವಿಷ್ಯನಿಧಿ, ಗ್ರಾಚ್ಯುಯಿಟಿ ಮಾತ್ರ. ಇಡೀ ಹೋಳಿಗೆಯನ್ನು ಬಿಟ್ಟು ಅರ್ಧ ಹೋಳಿಗೆಯನ್ನೂ ಒಂದು ಹಿಡಿ ಹೂರಣವನ್ನೂ ತೆಗೆದುಕೊಂಡಂತೆ. ಹೂರಣ ಪ್ರಿಯರಿಗೆ ಅದೇ ಹಿತವೆನಿಸಬಹುದು. ನಮ್ಮಾಕೆ ಇದನ್ನು ಇವರ ಕಡೆಗೆ ಬರೆದಳು.

ಹೀಗೆ ಪುಟ ತುಂಬಿತು, ತೀರ್ಮಾನ ಬರಲಿಲ್ಲ. ಬರುವುದಾದರೂ ಹೇಗೆ? ಅಡ್ವಾನ್ಸಿನ ಹಣವನ್ನು ಎಣಿಸಬಹುದು, ಅಮ್ಮನ ಜೊತೆ ಒಂದು ಶನಿವಾರದ ಊಟವನ್ನು ಎಷ್ಟೆಂದು ಎಣಿಸುವುದು?

ಆಮೇಲೆ ಕೇಳಿದವರ, ಕೇಳದವರ ಸಲಹೆಗಳು ಶುರುವಾದವು. ಮೇಲಿನ ಮನೆಯ ಪಂಜಾಬಿ ಸರದಾರರು, ದೇಶ ಒಡೆದಾಗ ಲಾಹೋರಿನಿಂದ ಬರಿಗೈಯಲ್ಲಿ ಬಂದವರು, ಊರು ತಾನಾಗಿ ಕರೆಯುತ್ತಿರುವಾಗ ಹೋಗದೆ ಇರುವ ಮನುಷ್ಯನನ್ನು ತಾವು ನೋಡಿಲ್ಲವೆಂದರು. ನಮ್ಮ ಸೆಕ್ಷನ್ ಆಫೀಸರರು ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ನನ್ನನ್ನು ಕೂರಿಸಿ ಚಹಾ ತರಿಸಿದರು. ಸಂಘದ ಹಿರಿಯರೊಬ್ಬರು, ಯುಗಾದಿ ಕಾರ್ಯಕ್ರಮದಲ್ಲಿ ಬೇವುಬೆಲ್ಲ ಕೈಗೆ ಹಾಕುತ್ತ, ಬೆಂಗಳೂರಿಗೆ ಹೋದರೆ ನೀನು ಲಕ್ಷ ಕನ್ನಡಿಗರಲ್ಲಿ ಒಬ್ಬ, ಇಲ್ಲಿ ನೀನಿಲ್ಲದೆ ನಾಟಕಕ್ಕೆ ಪರದೆ ಎಳೆಯುವವರಿಲ್ಲ ಎಂದರು. ಕಿದ್ವಾಯಿ ನಗರದಿಂದ ಸೆಕ್ರೆಟೇರಿಯಟ್‌ಗೆ ಹೋಗುವ ಚಾರ್ಟರ್ಡ್ ಬಸ್ಸಿನಲ್ಲಂತೂ ನನ್ನ ವಿಷಯವೇ ಎರಡು ಪಕ್ಷವಾಗಿ, ಮುಂದಿನ ಸೀಟಿನವರು ಹೋಗು ಎಂದೂ ಹಿಂದಿನ ಸೀಟಿನವರು ಇರು ಎಂದೂ ವಾದ ಮಾಡುತ್ತಿದ್ದರು. ಇಸ್ಪೀಟಿನ ಆಟಕ್ಕೂ ಅಡ್ಡಿಯಾಯಿತು.

ಇಷ್ಟರಲ್ಲಿ ಅಮ್ಮನಿಗೆ ಬರೆದ ಕಾಗದಕ್ಕೆ ಉತ್ತರ ಬಂತು. ಆಕೆಗೆ ಓದು ನಾಲ್ಕನೇ ತರಗತಿಯವರೆಗೆ. ಇನ್‌ಲ್ಯಾಂಡ್ ಪತ್ರದ ಮೂರು ಮಡಿಕೆಗಳಲ್ಲೂ ಒಂದಿಷ್ಟು ಜಾಗ ಬಿಡದೆ ಬರೆಯುವುದು ಆಕೆಯ ಅಭ್ಯಾಸ. ಕೊಬ್ಬರಿಯ ಧಾರಣೆ, ತಮ್ಮನ ಮಗುವಿಗೆ ಹಲ್ಲು ಬಂದದ್ದು, ಕೆರೆಯಲ್ಲಿ ನೀರಿಲ್ಲದ್ದು ಎಲ್ಲ ಬರೆದು, ನನ್ನ ವಿಷಯಕ್ಕೆ ಎರಡೇ ಸಾಲು. ನೀನು ಹತ್ತಿರ ಬಂದರೆ ಬೇಡವೆನ್ನುವ ತಾಯಿ ಇಲ್ಲ, ಆದರೆ ಅಲ್ಲಿ ನಿನ್ನ ಕೈಲಿ ಮಾಡಿಸುವ ಕೆಲಸ ಏನೆಂದು ನೀನು ಬರೆಯಲೇ ಇಲ್ಲವಲ್ಲ, ಎಂದು.

ಅದನ್ನು ಓದಿ ನಾನು ಹಾಲಿನ ಪುಸ್ತಕ ತೆರೆದು ನೋಡಿದೆ. ಮನೆ, ಔಷಧಿ, ಭತ್ಯ, ಪಿಂಚಣಿ, ಶಾಲೆ, ರೈಲು ಎಲ್ಲ ಇತ್ತು. ಕೆಲಸ ಇರಲಿಲ್ಲ. ಬಸ್ಸಿನ ಎರಡು ಪಕ್ಷದವರಲ್ಲೂ ಯಾರೂ ಅದನ್ನು ಕೇಳಿರಲಿಲ್ಲ. ಬೆಂಗಳೂರಿನಲ್ಲಿದ್ದ ಗೆಳೆಯನಿಗೆ ಬರೆದು ವಿಚಾರಿಸಿದೆ. ಅವನು ಹೋಗಿ ಕೇಳಿಕೊಂಡು ಬಂದು ತಿಳಿಸಿದ: ಕಾರ್ಮಿಕರ ಸಮವಸ್ತ್ರ, ಬೂಟು, ಕ್ಯಾಂಟೀನಿನ ಪಾತ್ರೆಪಡಗ ಇವುಗಳ ಖರೀದಿಯ ಕಡತಗಳು. ಅದು ಮರ್ಯಾದೆಯ ಕೆಲಸವೇ. ಸಾವಿರಾರು ಜನರ ಕಾಲಿಗೆ ಅಳತೆಯ ಬೂಟು ಸಿಗುವುದು ಸಣ್ಣ ಮಾತಲ್ಲ. ಮಾಡುವವನಿಗೆ ಮನಸ್ಸಿರಬೇಕು ಅಷ್ಟೇ.

ನನ್ನ ಮನಸ್ಸು ಎಲ್ಲಿತ್ತೆಂಬುದನ್ನು ಹೇಳಲು ಆಗಿನ ನನ್ನ ಮೇಜಿನ ವಿಷಯ ಸ್ವಲ್ಪ ಹೇಳಬೇಕು. ಗ್ರಾಮಾಂತರ ಕುಡಿಯುವ ನೀರಿಗೆ ಸಂಬಂಧಿಸಿದ ಸೆಕ್ಷನ್ನಿನಲ್ಲಿ ನಾನು ಅಸಿಸ್ಟೆಂಟ್. 1986ರಲ್ಲಿ ರಾಷ್ಟ್ರೀಯ ಕುಡಿಯುವ ನೀರಿನ ಮಿಷನ್ ಶುರುವಾಗಿ, ಅದರೊಳಗೆ ಐದು ಉಪಮಿಷನ್‌ಗಳಿದ್ದವು: ಫ್ಲೋರೈಡ್, ಕಬ್ಬಿಣದ ಅಂಶ, ಉಪ್ಪುನೀರು, ನೀರಿನ ಮರುಪೂರಣ, ಇವುಗಳ ಜೊತೆಗೆ ನಾರುಹುಣ್ಣಿನ ನಿರ್ಮೂಲನ. ಕೊನೆಯದರ ಕಡತಗಳು ನನ್ನ ಪಾಲಿಗೆ ಬಂದಿದ್ದವು.

ನಾರುಹುಣ್ಣು ಇಂದಿನ ಮಕ್ಕಳಿಗೆ ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ಒಳ್ಳೆಯದು. ಕೆರೆ, ಮೆಟ್ಟಿಲುಬಾವಿಗಳ ನೀರಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುವೊಂದು ಈ ನಾರುಹುಳುವಿನ ಮರಿಯನ್ನು ಹೊತ್ತಿರುತ್ತದೆ. ಆ ನೀರು ಕುಡಿದವನಿಗೆ ಏನೂ ತಿಳಿಯುವುದಿಲ್ಲ. ಸುಮಾರು ಒಂದು ವರ್ಷದ ಮೇಲೆ ಕಾಲಿನಲ್ಲಿ ಬೊಕ್ಕೆ ಎದ್ದು, ಒಡೆದು, ಮೊಳಕ್ಕಿಂತ ಉದ್ದದ ನಾರಿನಂಥ ಹುಳು ದಿನಕ್ಕಿಷ್ಟಿಷ್ಟೇ ಹೊರಗೆ ಬರುತ್ತದೆ. ಉರಿ ತಾಳಲಾರದೆ ಅವನು ಬಾವಿಯ ನೀರಿಗೆ ಕಾಲಿಡುತ್ತಾನೆ. ಹುಳು ಅಲ್ಲಿ ಮರಿ ಬಿಡುತ್ತದೆ. ಊರೆಲ್ಲ ಅದನ್ನು ಕುಡಿಯುತ್ತದೆ. ಇದಕ್ಕೆ ಮದ್ದಿಲ್ಲ, ಲಸಿಕೆಯಿಲ್ಲ. ಮೆಟ್ಟಿಲುಬಾವಿಯನ್ನು ಮುಚ್ಚಿ ಸೇದುವ ಬಾವಿ ಮಾಡಬೇಕು, ಕೊಳವೆಬಾವಿ ಕೊರೆದು ಕೈಪಂಪು ಹಾಕಬೇಕು, ಬಟ್ಟೆಯಲ್ಲಿ ಸೋಸಿ ಕುಡಿಯಲು ಜನರಿಗೆ ಹೇಳಬೇಕು. 1984ರಲ್ಲಿ ದೇಶದಲ್ಲಿ ಸುಮಾರು 40 ಸಾವಿರ ಮಂದಿಗೆ ಈ ರೋಗವಿತ್ತು. ರೋಗವಿದ್ದ ರಾಜ್ಯಗಳಲ್ಲಿ ರಾಜಸ್ಥಾನ, ಮಧ್ಯಪ್ರದೇಶ, ಆಂಧ್ರಗಳ ಜೊತೆ ನಮ್ಮ ಕರ್ನಾಟಕವೂ ಇತ್ತು. ಉತ್ತರ ಕರ್ನಾಟಕದ ಒಣಭೂಮಿಯ ಹಳ್ಳಿಗಳ ಹೆಸರು ಇಂಗ್ಲಿಷಿನಲ್ಲಿ ತಪ್ಪಾಗಿ ಟೈಪಾಗಿ ಬಂದರೆ, ಸೆಕ್ಷನ್ನಿನಲ್ಲಿ ಸರಿಯಾಗಿ ಓದಿ ತಿದ್ದುವವನು ನಾನೊಬ್ಬನೇ.

ಇದರಿಂದ ನಾನೇ ನಾರುಹುಣ್ಣು ಓಡಿಸಿದೆನೆಂದು ಯಾರೂ ತಿಳಿಯಬಾರದು. ಬಿಸಿಲಲ್ಲಿ ಹಳ್ಳಿ ಸುತ್ತಿದವರು, ಬಾವಿಗಿಳಿದವರು ಬೇರೆ. ನಾನು ಟಿಪ್ಪಣಿ ಬರೆದೆ, ಜ್ಞಾಪನ ಪತ್ರ ಕಳುಹಿಸಿದೆ, ರಾಜ್ಯಗಳಿಂದ ಬಂದ ಅಂಕಿಗಳನ್ನು ಕೂಡಿದೆ, ಹಣ ಬಿಡುಗಡೆಯ ಕಡತ ಮೇಲಿನವರ ಮೇಜಿನ ಮೇಲೆ ಮಲಗದಂತೆ ಹಿಂದೆ ಬಿದ್ದೆ. ಗುಮಾಸ್ತಗಿರಿಯೇ. ಆದರೆ ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ, ನಾನು ಕೂಡುವ ಅಂಕಿ ಮುಂದಿನ ವರ್ಷ ಇಳಿಯುತ್ತದೆಯೋ ಎಂದು ಕಾಯುವಂಥ ಕಡತ ಕೈಗೆ ಬಂದಿತ್ತು.

ಇಪ್ಪತ್ತಾರನೆಯ ದಿನ ಬರಲಾಗುವುದಿಲ್ಲವೆಂದು ಬೆಂಗಳೂರಿಗೆ ಬರೆದೆ. ಅಮ್ಮನಿಗೂ ಬರೆದೆ. ಆಕೆಯ ಮುಂದಿನ ಪತ್ರದಲ್ಲಿ ಆ ವಿಷಯವೇ ಇರಲಿಲ್ಲ. ಚಟ್ನಿಪುಡಿ ಕಳುಹಿಸಿದ್ದೇನೆ, ಡಬ್ಬ ವಾಪಸು ಬರಲಿ ಎಂದಿತ್ತು.

ಮುಂದೆ ಏನಾಯಿತೆಂಬ ಲೆಕ್ಕ ಕೇಳುವವರಿಗೆ ಇಷ್ಟು ಹೇಳಬಹುದು. 1990ರಲ್ಲಿ ಅಸಿಸ್ಟೆಂಟರ ವೇತನ ಶ್ರೇಣಿಯನ್ನು 1400-2600ರಿಂದ 1640-2900ಕ್ಕೆ ಏರಿಸಿ, 1986ರ ಜನವರಿಯಿಂದಲೇ ಅನ್ವಯ ಎಂದರು. 1998ರಲ್ಲಿ ನಿವೃತ್ತಿಯ ವಯಸ್ಸು 58ರಿಂದ 60 ಆಯಿತು. ಇವು ಯಾವುವೂ ನಮ್ಮ ಹಾಲಿನ ಪುಸ್ತಕದಲ್ಲಿರಲಿಲ್ಲ. ನನ್ನಂತೆಯೇ ಆಹ್ವಾನ ಬಂದು ಬೆಂಗಳೂರಿಗೆ ಹೋದ ಗೆಳೆಯನೊಬ್ಬ ಹೋದ ಮೂರನೇ ವರ್ಷ ಸಾಲ ಮಾಡಿ ಒಂದು ನಿವೇಶನ ಕೊಂಡ. ಅವನ ಸಂಸ್ಥೆ ಸ್ವಯಂ ನಿವೃತ್ತಿ ಯೋಜನೆ ತಂದು ಅವನನ್ನು ಐವತ್ತಕ್ಕೇ ಮನೆಗೆ ಕಳುಹಿಸಿತು. ಆದರೆ ಕಳುಹಿಸಿದ್ದು ಸ್ವಂತ ಮನೆಗೆ. ಅವನ ನಿವೇಶನದ ಇಂದಿನ ಬೆಲೆಗೂ ನನ್ನ ಪಿಂಚಣಿಗೂ ಹೋಲಿಕೆ ಮಾಡಿದರೆ ಇಬ್ಬರೂ ನಗುತ್ತೇವೆ, ಅವನು ಸ್ವಲ್ಪ ಜೋರಾಗಿ.

1993ರ ಆಷಾಢದಲ್ಲಿ ಅಮ್ಮ ತೀರಿಕೊಂಡರು. ಸುದ್ದಿ ತಿಳಿದು ನಾನು ಊರು ಮುಟ್ಟುವಷ್ಟರಲ್ಲಿ ಮೂರನೆಯ ದಿನ. ಬೆಂಕಿ ಕೊಟ್ಟವನು ತಮ್ಮ. ಹಿರಿಯ ಮಗನ ಕೆಲಸ ನೀನು ಮಾಡಿದೆ ಎಂದು ನಾನು ಹೇಳಿದಾಗ ಅವನು ಏನೂ ಅನ್ನಲಿಲ್ಲ, ಸ್ನಾನಕ್ಕೆ ನೀರು ತೋಡಿ ಕೊಟ್ಟ. ಬೆಂಗಳೂರಿನಲ್ಲಿದ್ದಿದ್ದರೆ ಕೊನೆಯ ಮುಖ ನೋಡುತ್ತಿದ್ದೆ. ಇದನ್ನು ಲೆಕ್ಕದಿಂದ ಬಿಟ್ಟು ಬರೆದರೆ ಈ ಬರಹ ಸುಳ್ಳಾಗುತ್ತದೆ. ನಾನು ಆರಿಸಿದ್ದಕ್ಕೆ ಬೆಲೆಯಿತ್ತು, ಅದನ್ನು ಕೊಟ್ಟೆ.

1996ರ ಜುಲೈನಲ್ಲಿ ದೇಶದ ಕೊನೆಯ ನಾರುಹುಣ್ಣಿನ ರೋಗಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದ. ಆ ಮೇಲೆ ಒಬ್ಬನೂ ಇಲ್ಲ. 2000ದ ಫೆಬ್ರವರಿಯಲ್ಲಿ ಭಾರತ ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ಅಷ್ಟರಲ್ಲಿ ನನಗೆ ಬೇರೆ ಸೆಕ್ಷನ್ನಿಗೆ ವರ್ಗವಾಗಿತ್ತು. ಪತ್ರಿಕೆಯಲ್ಲಿ ಸುದ್ದಿ ಓದಿ ಆ ದಿನ ಐ.ಎನ್.ಎ. ಮಾರುಕಟ್ಟೆಯಿಂದ ಒಂದು ಕಿಲೋ ಜಿಲೇಬಿ ತಂದೆ. ಏನು ವಿಶೇಷವೆಂದು ಮಕ್ಕಳು ಕೇಳಿದರು. ಒಂದು ಕಡತ ಮುಚ್ಚಿತು ಎಂದೆ.

2007ರಲ್ಲಿ ನಿವೃತ್ತನಾಗಿ ನಾವು ಕಿದ್ವಾಯಿ ನಗರ ಬಿಟ್ಟೆವು. 2010ರ ದಶಕದಲ್ಲಿ ಪೂರ್ವ ಕಿದ್ವಾಯಿ ನಗರದ ಹಳೆಯ ಕ್ವಾರ್ಟರ್ಸುಗಳನ್ನೆಲ್ಲ ಕೆಡವಿ ಎನ್.ಬಿ.ಸಿ.ಸಿ.ಯವರು ಆಕಾಶ ಮುಟ್ಟುವ ಕಟ್ಟಡಗಳನ್ನು ಎಬ್ಬಿಸಿದ್ದಾರೆ. ದೊಡ್ಡಪತ್ರೆಯ ಮೂಲೆ ಎಲ್ಲಿತ್ತೆಂದು ಗುರುತು ಹಿಡಿಯುವ ಹಾಗಿಲ್ಲ.

ಮೊನ್ನೆ ಬಂಧುಗಳ ಹುಡುಗನೊಬ್ಬ ಬಂದಿದ್ದ. ಕೇಂದ್ರ ಸರ್ಕಾರದಲ್ಲೇ ಇದ್ದಾನೆ. ಇನ್ನೊಂದು ಇಲಾಖೆಯಲ್ಲಿ ಅದೇ ಸಂಬಳದ ಹುದ್ದೆ ಸಿಕ್ಕಿದೆಯಂತೆ. ನನ್ನ ಕಾಲದ ಲೆಕ್ಕಗಳು ಅವನಿಗೆ ಹೊಂದುವುದಿಲ್ಲ. 2004ರ ಜನವರಿಯ ನಂತರ ಸೇರಿದವರ ಪಿಂಚಣಿಯ ರೀತಿಯೇ ಬೇರೆ. 2025ರ ಏಪ್ರಿಲಿನಿಂದ ಅದರಲ್ಲೂ ಇನ್ನೊಂದು ಆಯ್ಕೆ ಬಂದಿದೆ. ಅದನ್ನೆಲ್ಲ ಅವನು ನನಗಿಂತ ಚೆನ್ನಾಗಿ ಬಲ್ಲ. ನಾನು ಕೇಳಿದ್ದು ನಾಲ್ಕೇ. ಹಿಂದಿರುಗಬೇಕೆನಿಸಿದರೆ ಈ ಹುದ್ದೆ ನಿನಗಾಗಿ ಎಷ್ಟು ವರ್ಷ ಇರುತ್ತದೆ? ಮನೆಯ ಕಥೆ ಏನು? ನಿನ್ನ ಮೇಲೆ ಕೂರುವವರು ಯಾರು? ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ನಿನ್ನ ಕೈಲಿ ಮಾಡಿಸುವ ಕೆಲಸ ಏನು?

ಮೊದಲ ಮೂರಕ್ಕೆ ಥಟ್ಟನೆ ಉತ್ತರ ಕೊಟ್ಟ. ನಾಲ್ಕನೆಯದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ವಿಚಾರಿಸಿ ಹೇಳುತ್ತೇನೆ ಅಜ್ಜ ಎಂದ. ಅವನಿಗೆ ಇನ್ನೂ ಹತ್ತು ದಿನ ಗಡುವಿದೆ.